ಸೇನೆಯಿಂದ ನಿವೃತ್ತರಾದ ಮೇಲೆ ಗಾಣ ಹಾಕೋದು: ಪೆನ್ಶನ್ ಕಮ್ಯೂಟ್ ಮಾಡಬೇಕಾ, ದಾರಿ ತೋರಿಸೋರು ಯಾರು?

ಮಲಪ್ರಭಾ_ದಂಡಿ
ಬೈಲಹೊಂಗಲ, ಸವದತ್ತಿ ಕಡೆ ಪ್ರತಿ ವರ್ಷ ಹತ್ತಾರು ಮಂದಿ ಹವಾಲ್ದಾರ್, ನಾಯಕ್ ರ‍್ಯಾಂಕಿನ್ಯಾಗ ನಿವೃತ್ತರಾಗಿ ಊರಿಗೆ ಬರ್ತಾರ. ವಯಸ್ಸು 38-40. ಕೈಯಾಗ ಗ್ರಾಚ್ಯುಟಿ, ಫಂಡು, ಗ್ರೂಪ್ ಇನ್ಶೂರೆನ್ಸ್ ದುಡ್ಡು. ಈಗ ಬಹಳ ಮಂದಿ ಕೇಳೋದು ಶೇಂಗಾ ಎಣ್ಣಿ ಕಟ್ಟಿಗೆ ಗಾಣದ ಬಗ್ಗೆ. ಇದರಾಗ ಮೂರು ಪ್ರಶ್ನೆ ಅದಾವ. ಬಂಡವಾಳಕ್ಕ ಪೆನ್ಶನ್ ಅರ್ಧ ಕಮ್ಯೂಟ್ (ತಿಂಗಳ ಪೆನ್ಶನ್ನಿನ ಒಂದು ಪಾಲು ಬಿಟ್ಟುಕೊಟ್ಟು ಅದರ ಬದಲಿ ಒಮ್ಮೆಗೇ ದುಡ್ಡು ತಗೊಳ್ಳೋದು) ಮಾಡಬೇಕೋ, ಬ್ಯಾಂಕ್ ಸಾಲ ಮಾಡಬೇಕೋ? ಮಾಜಿ ಸೈನಿಕರಿಗೆ ಸಬ್ಸಿಡಿ ಖರೇನ ಸಿಗ್ತದೇನು? ಮೊದಲ ಎರಡು ವರ್ಷ ಪಕ್ಕದಾಗ ನಿಂತು ಹೇಳಿಕೊಡೋ ಮಂದಿ ಎಲ್ಲಿ ಸಿಗ್ತಾರ? ಲೆಕ್ಕ ಗೊತ್ತಿದ್ದವರು ಬರೀರಿ. "ಧೈರ್ಯ ಮಾಡ್ರಿ, ಒಳ್ಳೇದಾಗ್ತದ" ಅನ್ನೋದು ಬ್ಯಾಡ.

ಲೆಕ್ಕದ_ಕಟ್ಟು
ಮೊದಲನೇ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಇದೆ. ಮುಂದಿನ ಹುಟ್ಟುಹಬ್ಬಕ್ಕೆ 40 ತುಂಬುವವರಿಗೆ ಕಮ್ಯುಟೇಶನ್ ಫ್ಯಾಕ್ಟರ್ (ಬಿಟ್ಟುಕೊಟ್ಟ ಒಂದು ವರ್ಷದ ಪೆನ್ಶನ್ ಮೊತ್ತಕ್ಕೆ ಗುಣಿಸುವ ಅಂಕಿ) 9.090. ಅಂದರೆ ತಿಂಗಳ ಪೆನ್ಶನ್‌ನಲ್ಲಿ 1,000 ರೂಪಾಯಿ ಬಿಟ್ಟುಕೊಟ್ಟರೆ ಒಟ್ಟಿಗೆ ಸಿಗೋದು 1,09,080. ಮೂಲ ಪೆನ್ಶನ್ 24,000 ಅಂತ ಇಟ್ಕೊಳ್ಳಿ. ಅರ್ಧ, ಅಂದರೆ 12,000 ಕಮ್ಯೂಟ್ ಮಾಡಿದರೆ ಸುಮಾರು 13.09 ಲಕ್ಷ, ಅದಕ್ಕೆ ಆದಾಯ ತೆರಿಗೆ ಇಲ್ಲ. 15 ವರ್ಷ ಆದ ಮೇಲೆ ಪೂರ್ತಿ ಪೆನ್ಶನ್ ವಾಪಸ್. ತುಟ್ಟಿಭತ್ಯೆ ಆಗಲೂ ಪೂರ್ತಿ 24,000ದ ಮೇಲೆಯೇ ಬರುತ್ತೆ. ಇದನ್ನು ಸಾಲ ಅಂತ ನೋಡಿದರೆ ಬಡ್ಡಿ ವರ್ಷಕ್ಕೆ ಸುಮಾರು ಶೇ 7.3 ಬೀಳುತ್ತೆ. ಸಣ್ಣ ಉದ್ಯಮಕ್ಕೆ ಬ್ಯಾಂಕು ಶೇ 11ರ ಆಸುಪಾಸು ಕೇಳ್ತಿರುವಾಗ ಇದಕ್ಕಿಂತ ಅಗ್ಗದ ದುಡ್ಡು ಬೇರೆಲ್ಲೂ ಇಲ್ಲ. ನಿವೃತ್ತಿಯಾಗಿ ವರ್ಷದೊಳಗೆ ಕೇಳಿದರೆ ವೈದ್ಯಕೀಯ ಪರೀಕ್ಷೆಯ ಗೊಡವೆಯೂ ಇಲ್ಲ.

ಹೇಮಾವತಿ_ಬಯಲು
ಬಡ್ಡಿ ಲೆಕ್ಕ ಸರಿ ಸರ್. ಆದರೆ ಮನೆ ನಡೆಯೋದು ತಿಂಗಳ ಲೆಕ್ಕದಲ್ಲಿ. ಹೊಸ ಗಾಣ ಮೊದಲ ಎಂಟು-ಹತ್ತು ತಿಂಗಳು ಮನೆಗೆ ಒಂದು ರೂಪಾಯಿ ಕೊಡಲ್ಲ. ಮಕ್ಕಳ ಫೀಸು, ಅಕ್ಕಿಬೇಳೆ, ಔಷಧಿ ಎಲ್ಲಾ ನಡೆಯಬೇಕಾದ ಆ ಹೊತ್ತಿನಲ್ಲೇ ಪೆನ್ಶನ್ ಅರ್ಧ ಆಗಿರುತ್ತೆ. ಆಗ ಏನಾಗುತ್ತೆ? ವ್ಯಾಪಾರದ ಕ್ಯಾಶ್ ತೆಗೆದು ಮನೆಗೆ ಹಾಕ್ತಾರೆ, ಬೀಜ ಕೊಳ್ಳೋಕೆ ದುಡ್ಡಿರಲ್ಲ, ಗಾಣ ನಿಲ್ಲುತ್ತೆ. ಬ್ಯಾಂಕ್ ಸಾಲದಲ್ಲಿ ಯಂತ್ರ ಮಾರಿಯಾದರೂ ಇತ್ಯರ್ಥ ಮಾಡಿಕೊಳ್ಳಬಹುದು. ಕಮ್ಯೂಟ್ ಮಾಡಿದ್ದು 15 ವರ್ಷ ಕಡಿತ, ಅಂಗಡಿ ಮುಚ್ಚಿದರೂ ಕಡಿತ.

ಲೆಕ್ಕದ_ಕಟ್ಟು
ಅದಕ್ಕೇ ಅರ್ಧ ಪೂರ್ತಿ ಮಾಡಲೇಬೇಕು ಅಂತ ಹೇಳಿಲ್ಲ. ಮೊದಲು ಮನೆಯ ತಿಂಗಳ ಖರ್ಚು ಬರೆಯಿರಿ. ಕಡಿತ ಆದ ಮೇಲೆ ಕೈಗೆ ಬರೋ ಪೆನ್ಶನ್ ಆ ಖರ್ಚಿಗಿಂತ ಕೆಳಗೆ ಹೋಗಬಾರದು. ಅಲ್ಲಿಗೆ ನಿಲ್ಲಿಸಿ. ಇನ್ನೊಂದು, ಪೆನ್ಶನ್ ಖಾತೆಯಿಂದ ವ್ಯಾಪಾರದ ಚೆಕ್ ಬರೆಯೋದು ಬೇಡವೇ ಬೇಡ, ಬೇರೆ ಕರೆಂಟ್ ಅಕೌಂಟ್ ತೆಗೆಯಿರಿ. ಪೆನ್ಶನ್ ಜಪ್ತಿ ಆಗಬಾರದು ಅಂತ 1871ರ ಪೆನ್ಶನ್ ಕಾಯ್ದೆಯಲ್ಲೇ ರಕ್ಷಣೆ ಇದೆ. ನೀವೇ ಅದನ್ನು ವ್ಯಾಪಾರದೊಳಗೆ ಕಲಸಿದರೆ ಯಾವ ಕಾಯ್ದೆ ಕಾಪಾಡುತ್ತೆ?

ತೆಂಗಿನಮರದಡಿ
ಕಮ್ಯೂಟ್ ಮಾಡಿದವರು 15 ವರ್ಷದೊಳಗೆ ತೀರಿಕೊಂಡರೆ ಬಾಕಿಯನ್ನು ಹೆಂಡತಿಯ ಫ್ಯಾಮಿಲಿ ಪೆನ್ಶನ್‌ನಿಂದ ಹಿಡಿಯೋದಿಲ್ಲ. ಇದೂ ಲೆಕ್ಕದಲ್ಲಿರಲಿ.

ಎಣ್ಣೆಗಾಣ_ತಿಪಟೂರು
ನೀವೆಲ್ಲ ದುಡ್ಡು ಎಲ್ಲಿಂದ ತರೋದು ಅಂತ ಚರ್ಚೆ ಮಾಡ್ತಿದ್ದೀರಿ. ಎಷ್ಟು ಬೇಕು ಅಂತ ಯಾರೂ ಕೇಳಲಿಲ್ಲ.

ಒಂದು ಮರದ ಗಾಣ, 3 ಎಚ್‌ಪಿ ಮೋಟಾರು. ಒಂದು ಬಾರಿಗೆ 12ರಿಂದ 15 ಕೆಜಿ ಬೀಜ, 45 ನಿಮಿಷದಿಂದ ಒಂದು ತಾಸು. ದಿನಕ್ಕೆ ಏಳೆಂಟು ಬಾರಿ ಆಡಿಸಿದರೆ ಸುಮಾರು 100 ಕೆಜಿ ಬೀಜ. ಗಾಣದಲ್ಲಿ ಕಡಲೆಬೀಜಕ್ಕೆ ಶೇ 38ರಿಂದ 42 ಎಣ್ಣೆ ಬರುತ್ತೆ. 40 ಅಂತ ಹಿಡಿದರೆ ದಿನಕ್ಕೆ 40 ಲೀಟರ್. ತಿಂಗಳಿಗೆ 25 ದಿನ ನಡೆದರೆ ಎರಡೂವರೆ ಟನ್ ಬೀಜ ಬೇಕು. ಬೀಜ ಕೆಜಿಗೆ 120 ಅಂದರೂ ತಿಂಗಳಿಗೆ 3 ಲಕ್ಷ. ಒಳ್ಳೆ ಬೀಜ ಸಿಗೋದು ಸುಗ್ಗಿಯಲ್ಲಿ, ಆಗ ಮೂರು ತಿಂಗಳದ್ದು ಹಿಡಿದಿಟ್ಟರೆ 9 ಲಕ್ಷ ಬರೀ ಚೀಲದಲ್ಲಿ ಕೂತಿರುತ್ತೆ. ಗಾಣ, ಮೋಟಾರು, ಸ್ಟೀಲ್ ಡ್ರಮ್ಮು, ತೂಕದ ಯಂತ್ರ ಎಲ್ಲಾ ಸೇರಿ ಅಷ್ಟಾಗಲ್ಲ. ಹೆಚ್ಚಿನವರು ಎಡವೋದು ಇಲ್ಲೇ: ಸಾಲ ಪೂರ್ತಿ ಯಂತ್ರಕ್ಕೆ, ಶೆಡ್ಡಿಗೆ ಸುರಿದು ಬೀಜಕ್ಕೆ ವರ್ತಕನ ಹತ್ತಿರ ಉದ್ರಿ ನಿಲ್ಲೋದು. ಉದ್ರಿಗೆ ಕೊಡುವವನು ಜೊಳ್ಳು ಬೀಜ ಕೊಡ್ತಾನೆ, ಇಳುವರಿ 35ಕ್ಕೆ ಬೀಳುತ್ತೆ.

ದಶಮಾಂಶ
ತಿದ್ದುಪಡಿ. 40 ಕೆಜಿ ಎಣ್ಣೆ 40 ಲೀಟರ್ ಅಲ್ಲ. ಕಡಲೆಕಾಯಿ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತೆ. 40 ಕೆಜಿಗೆ 44 ಲೀಟರ್ ಸಿಗುತ್ತೆ. ಒಂದು ಲೀಟರಿಗೆ ಬೀಜ ಬೇಕಾಗೋದು 2.28 ಕೆಜಿ. ಹತ್ತು ಪರ್ಸೆಂಟ್ ವ್ಯತ್ಯಾಸ, ಲಾಭದ ಅರ್ಧ ಇದರಲ್ಲೇ ಇದೆ.

ಎಣ್ಣೆಗಾಣ_ತಿಪಟೂರು
ಒಪ್ಪಿದೆ, 44 ಲೀಟರ್. ಹಾಗಾದರೆ ಲೀಟರ್ ಲೆಕ್ಕ ನೋಡೋಣ. ಬೀಜ 273 ರೂಪಾಯಿ. ಹಿಂಡಿ ಸುಮಾರು 1.3 ಕೆಜಿ ಉಳಿಯುತ್ತೆ, ಕೆಜಿಗೆ 40 ಅಂದರೆ 52 ವಾಪಸ್. ನಿವ್ವಳ 221. ಬಾಟಲು, ಮುಚ್ಚಳ, ಲೇಬಲ್, ರಟ್ಟಿನ ಡಬ್ಬ 18. ಇಬ್ಬರ ಕೂಲಿ ದಿನಕ್ಕೆ 1,200, ಲೀಟರಿಗೆ 27. ಕರೆಂಟು ಮೂರ್ನಾಲ್ಕು ರೂಪಾಯಿ. ಅಸಲು 270. ಮಾರೋದು 340 ಅಂದ್ಕೊಳ್ಳಿ. ಮನೆಮನೆಗೆ ನೇರ ಮಾರಿದರೆ 70 ಉಳಿಯುತ್ತೆ. ಅಂಗಡಿಗೆ ಶೇ 15 ಬಿಟ್ಟರೆ 19 ಉಳಿಯುತ್ತೆ, ವಹಿವಾಟು 40 ಲಕ್ಷ ದಾಟಿ ಜಿಎಸ್‌ಟಿ ಶೇ 5 ಬಂದರೆ ಅದೂ ಹೋದಂಗೆ. ಆದ್ದರಿಂದ ಸೂಪರ್ ಮಾರ್ಕೆಟ್ ಕನಸು ಮೊದಲ ವರ್ಷ ಬೇಡ. ಒಂದು ಮನೆ ತಿಂಗಳಿಗೆ ಎರಡು-ಮೂರು ಲೀಟರ್ ತಗೊಳ್ಳುತ್ತೆ. ಗಾಣ ಪೂರ್ತಿ ಓಡಿ 1,100 ಲೀಟರ್ ಖರ್ಚಾಗಬೇಕಾದರೆ ಸುಮಾರು 400 ಮನೆ ಬೇಕು. ಆ 400 ಮನೆಯ ಪಟ್ಟಿ ಇದೆಯಾ ಅನ್ನೋದೇ ಮೊದಲ ಪ್ರಶ್ನೆ. ಇಲ್ಲದಿದ್ದರೆ ಗಾಣ ಕೊಳ್ಳಬೇಡಿ. ಬೇರೆಯವರ ಗಾಣದಲ್ಲಿ ಕೂಲಿಗೆ ಆಡಿಸಿ ನಿಮ್ಮ ಲೇಬಲ್ ಹಚ್ಚಿ ಮಾರಿ ನೋಡಿ.

ಮಲಪ್ರಭಾ_ದಂಡಿ
ಹಿಂಗ ಬಿಡಿಸಿ ಹೇಳೋರು ಇರಲಿಲ್ಲ ನೋಡ್ರಿ. ಸಬ್ಸಿಡಿ ವಿಷಯ?

ಕಡತ_ವಿಲೇವಾರಿ
ಎರಡು ದಾರಿ ಇವೆ.

ಮೊದಲನೆಯದು ಪಿಎಂಇಜಿಪಿ, ಹೊಸ ಸಣ್ಣ ಉದ್ಯಮಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರದ ಯೋಜನೆ. ಅದರಲ್ಲಿ ಮಾಜಿ ಸೈನಿಕರು ವಿಶೇಷ ವರ್ಗ. ಹಳ್ಳಿಯಲ್ಲಿ ಘಟಕ ಇದ್ದರೆ ಯೋಜನಾ ವೆಚ್ಚದ ಶೇ 35 ಸಬ್ಸಿಡಿ, ಪಟ್ಟಣದಲ್ಲಿ ಶೇ 25. ಸ್ವಂತ ಪಾಲು ಶೇ 5 ಸಾಕು. ತಯಾರಿಕಾ ಘಟಕಕ್ಕೆ ಯೋಜನಾ ವೆಚ್ಚ 50 ಲಕ್ಷದವರೆಗೆ, ಸೇವಾ ಘಟಕಕ್ಕೆ 20 ಲಕ್ಷದವರೆಗೆ. ಜಾಗದ ಬೆಲೆ ಸೇರಿಸುವ ಹಾಗಿಲ್ಲ. ಹಳ್ಳಿಯಲ್ಲಿ 10 ಲಕ್ಷದ ಯೋಜನೆ ಅಂದರೆ ನೀವು 50 ಸಾವಿರ, ಬ್ಯಾಂಕು 9.5 ಲಕ್ಷ. ಸಬ್ಸಿಡಿ 3.5 ಲಕ್ಷ ನಿಮ್ಮ ಕೈಗೆ ಬರಲ್ಲ, ಬ್ಯಾಂಕಿನಲ್ಲೇ 3 ವರ್ಷ ಠೇವಣಿಯಾಗಿ ಕೂರುತ್ತೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕಲ್ಲ. ಘಟಕ ನಡೀತಿದೆ ಅಂತ ಬಂದು ನೋಡಿದ ಮೇಲೆ ಸಾಲಕ್ಕೆ ವಜಾ. ಹೊಸ ಘಟಕಕ್ಕೆ ಮಾತ್ರ, ಆದ್ದರಿಂದ ಮಂಜೂರಾತಿಗೆ ಮೊದಲೇ ಗಾಣ ಕೊಂಡು ಬಿಲ್ ಮಾಡಿಸಿದರೆ ಕೆಟ್ಟಿತು. ಯೋಜನೆಗೆ 2025-26ರವರೆಗೆ ಮಂಜೂರಾತಿ ಇದ್ದದ್ದು, ಈಗಿನ ಸ್ಥಿತಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ.

ಎರಡನೆಯದು ಪಿಎಂಎಫ್‌ಎಂಇ, ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಇರೋ ಸಬ್ಸಿಡಿ ಯೋಜನೆ. ಕೇಂದ್ರದ ಶೇ 35ರ ಜೊತೆಗೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಕೊಡುತ್ತಾ ಬಂದಿದೆ. ಎಣ್ಣೆ ಗಾಣಕ್ಕೆ ಇದೇ ಹೆಚ್ಚು ಸರಿ. ಒಂದೇ ಘಟಕಕ್ಕೆ ಎರಡೂ ಕಡೆಯಿಂದ ತಗೊಳ್ಳೋಕೆ ಆಗಲ್ಲ. ಇದರಲ್ಲಿ ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ. ಯೋಜನಾ ವರದಿ, ಅರ್ಜಿ, ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗೋದು), ಆಹಾರ ಸುರಕ್ಷತಾ ನೋಂದಣಿ ಎಲ್ಲದಕ್ಕೂ ಅವರೇ ಜೊತೆಗಿರಬೇಕು. ಅವರಿಗೆ ಶುಲ್ಕ ಸರ್ಕಾರ ಕೊಡುತ್ತೆ. ನಿಮ್ಮ ಹತ್ತಿರ "ಫೈಲ್ ಖರ್ಚು" ಕೇಳಿದರೆ ಕೊಡಬೇಡಿ.

ಕಪಿಲಾ_ತೀರ
ಸೈನಿಕರಿಗೆ ಅಂತ ಬೇರೆ ಕೌಂಟರ್ ಇದೆ ಅಂದುಕೊಳ್ಳೋದು ಬೇಡ. ಪಿಎಂಇಜಿಪಿಯಲ್ಲಿ ಹಿಂದುಳಿದ ವರ್ಗ, ಪರಿಶಿಷ್ಟರು, ಅಲ್ಪಸಂಖ್ಯಾತರು, ಮಹಿಳೆಯರು ಎಲ್ಲರಿಗೂ ಅದೇ 35. ಮಾಜಿ ಸೈನಿಕ ಅನ್ನೋ ಕಾರಣಕ್ಕೆ ಹೆಚ್ಚುವರಿ ಲಾಭ ಆಗೋದು ಸಾಮಾನ್ಯ ವರ್ಗದ ಗಂಡಸರಿಗೆ ಮಾತ್ರ.

ಕಡತ_ವಿಲೇವಾರಿ
ಸರಿಯಾಗಿ ಹೇಳಿದಿರಿ. ಗಂಡ ಇನ್ನೂ ಸೇವೆಯಲ್ಲಿರುವಾಗಲೇ ಹೆಂಡತಿ ಹೆಸರಲ್ಲಿ ಹಾಕೋದಾದರೂ ಅದೇ ದರ. ಆದರೆ ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಮತ್ತೆ ಹೆಸರಿಗೆ ಮಾತ್ರ ಅವರು ಅಂತಾದರೆ ತರಬೇತಿಯಲ್ಲೂ, ಬ್ಯಾಂಕ್ ಸಂದರ್ಶನದಲ್ಲೂ ಸಿಕ್ಕಿಬೀಳ್ತಾರೆ. ವ್ಯಾಪಾರ ಅವರೇ ನಡೆಸೋದಾದರೆ ಮಾತ್ರ ಹಾಕಿ.

ಗಡಿ_ಕಾಯೋ_ಹುಡುಗ
ಅಗ್ನಿವೀರರಿಗೆ ಇದೆಲ್ಲ ಅನ್ವಯ ಆಗುತ್ತಾ ಅಣ್ಣ?

ಲೆಕ್ಕದ_ಕಟ್ಟು
ಮಾಜಿ ಸೈನಿಕ ಅನ್ನೋ ಸ್ಥಾನಮಾನ ಅಗ್ನಿವೀರರಿಗಿಲ್ಲ, ಆ ಕೋಟಾ ಲೆಕ್ಕಕ್ಕೆ ಹಿಡಿಯಬೇಡ ತಮ್ಮ. ಪೆನ್ಶನ್, ಗ್ರಾಚ್ಯುಟಿಯೂ ಇಲ್ಲ. ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಸಿಗೋ ಸೇವಾನಿಧಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ನಿನ್ನ ಜಾತಿ ವರ್ಗದ ಮೇಲೆ ವಿಶೇಷ ವರ್ಗ ಸಿಗಬಹುದು. ಹವಾಲ್ದಾರರಿಗೆ ವ್ಯಾಪಾರ ಕೈಕೊಟ್ಟರೂ ಪೆನ್ಶನ್ ಇರುತ್ತೆ, ನಿನಗೆ ಆ ಆಸರೆ ಇಲ್ಲ. ಆದ್ದರಿಂದ ಸೇವಾನಿಧಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೊದಲ ವರ್ಷ ವ್ಯಾಪಾರಕ್ಕೆ ಇಳಿಸಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಉಜಿರೆ_ಕ್ರಾಸ್
ಮಾರ್ಗದರ್ಶನದ ಪ್ರಶ್ನೆಗೆ ಯಾರೂ ಬರಲಿಲ್ಲ ಮಾರಾಯ್ರೆ. ರುಡ್‌ಸೆಟಿ, ಅಂದರೆ ಹಳ್ಳಿಯವರಿಗೆ ಸ್ವಉದ್ಯೋಗ ತರಬೇತಿ ಕೊಡುವ ಸಂಸ್ಥೆ, ಶುರುವಾದದ್ದು 1982ರಲ್ಲಿ ನಮ್ಮ ಉಜಿರೆಯಲ್ಲಿ. ಅದೇ ಮಾದರಿಯಲ್ಲಿ ಈಗ ಜಿಲ್ಲೆಜಿಲ್ಲೆಗೆ ಆರ್‌ಸೆಟಿ ಉಂಟು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮುಖ್ಯ ವಿಷಯ, ತರಬೇತಿ ಮುಗಿದ ಮೇಲೂ ಎರಡು ವರ್ಷ ಅವರು ಹಿಂದೆ ಬಿದ್ದು ವಿಚಾರಿಸುವ ಕ್ರಮ ಉಂಟು. ಬ್ಯಾಂಕೇ ನಡೆಸುವುದರಿಂದ ಸಾಲದ ಕಾಗದಪತ್ರವೂ ಅಲ್ಲಿಯೇ ತಿದ್ದಿ ಕೊಡ್ತಾರೆ. ಧಾರವಾಡದಲ್ಲಿ ಸಿಡಾಕ್ ಉಂಟು, ಉದ್ಯಮಶೀಲತಾ ಕೇಂದ್ರ. ಬೈಲಹೊಂಗಲದವರಿಗೆ ಅದು ಹತ್ತಿರ.

ಹೇಮಾವತಿ_ಬಯಲು
ಸೇವೆಯಲ್ಲಿರುವಾಗಲೇ ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯದ ಕೋರ್ಸು ತಗೊಳ್ಳೋದನ್ನು ಬಹಳ ಜನ ಬಿಡ್ತಾರೆ. ಬಿಟ್ಟರೆ ಆಮೇಲೆ ಅದೇ ಕಲಿಕೆಗೆ ಕೈಯಿಂದ ಕಟ್ಟಬೇಕಾಗಿ ಬರಬಹುದು. ನಿವೃತ್ತಿ ಆದೇಶ ಬರೋ ಮೊದಲೇ ಯೂನಿಟ್‌ನಲ್ಲಿ ಹೆಸರು ಕೊಡಿ, "ಸೆಕ್ಯೂರಿಟಿ ಸೂಪರ್‌ವೈಸರ್" ಕೋರ್ಸಿಗೇ ಎಲ್ಲರೂ ನುಗ್ಗಬೇಡಿ.

ಎಣ್ಣೆಗಾಣ_ತಿಪಟೂರು
ಕೋರ್ಸು ಬೇರೆ, ಗುರು ಬೇರೆ. ಹತ್ತು ದಿನದ ತರಬೇತಿಯಲ್ಲಿ ಕಡಲೆಬೀಜದ ತೇವ ಕೈಯಲ್ಲಿ ಮುಟ್ಟಿ ತಿಳಿಯೋಕೆ ಆಗಲ್ಲ. ಬೀಜ ತೀರಾ ಒಣಗಿದ್ದರೆ ಹಿಂಡಿ ಪುಡಿಪುಡಿಯಾಗಿ ಎಣ್ಣೆ ಬಿಡಲ್ಲ, ಸ್ವಲ್ಪ ನೀರು ಚಿಮುಕಿಸಬೇಕು. ನೀರು ಹೆಚ್ಚಾದರೆ ಎಣ್ಣೆಯಲ್ಲಿ ತೇವ ಉಳಿದು ಒಂದೂವರೆ ತಿಂಗಳಿಗೆ ಕಮಟು. ಬೂಸ್ಟು ಹಿಡಿದ ಬೀಜ ಒಂದು ಹಿಡಿ ಸೇರಿದರೂ ಅಫ್ಲಾಟಾಕ್ಸಿನ್ (ಬೂಸ್ಟಿನಿಂದ ಬರೋ ವಿಷ) ಅಪಾಯ, ಆರಿಸಲೇಬೇಕು. ಹಿಂಡಿದ ಎಣ್ಣೆ ಸ್ಟೀಲ್ ಡ್ರಮ್ಮಿನಲ್ಲಿ ಎರಡು-ಮೂರು ದಿನ ಅಲ್ಲಾಡದೆ ನಿಲ್ಲಬೇಕು, ಮೇಲಿನದ್ದು ಬಟ್ಟೆಯಲ್ಲಿ ಸೋಸಿ ತುಂಬಬೇಕು. ಅವಸರಕ್ಕೆ ಅದೇ ದಿನ ತುಂಬಿದರೆ ಬಾಟಲಿನ ತಳದಲ್ಲಿ ಗಷ್ಟು ಕೂತು ಗಿರಾಕಿ ವಾಪಸ್ ತರ್ತಾನೆ. ಇದನ್ನೆಲ್ಲ ಹೇಳಿಕೊಡೋನು ಗಾಣ ಆಡಿಸೋನೇ ಆಗಿರಬೇಕು. ಬೇರೆ ತಾಲ್ಲೂಕಿನವನನ್ನು ಹಿಡಿಯಿರಿ, ಪಕ್ಕದೂರಿನವನಿಗೆ ನೀವು ಪೈಪೋಟಿ, ಮನಸ್ಸು ಬಿಚ್ಚಿ ಹೇಳಲ್ಲ.

ನಿವೃತ್ತ_ಮ್ಯಾನೇಜರ್
ಇದಕ್ಕೆ ನನ್ನದು ಅರ್ಧ ಒಪ್ಪಿಗೆ. ಕಸುಬಿನ ಗುರು ಒಬ್ಬರು, ಲೆಕ್ಕದ ಗುರು ಇನ್ನೊಬ್ಬರು ಬೇಕು. ಗಾಣ ಚೆನ್ನಾಗಿ ಆಡಿಸುವವರಿಗೇ ಎಷ್ಟೋ ಸಲ ಅಸಲು ಗೊತ್ತಿರುವುದಿಲ್ಲ. ಲೆಕ್ಕದ ಗುರುವಿಗೆ ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಮೂರೇ ಕಾಗದ ತೋರಿಸಿ: ದಿನವಹಿ ಕ್ಯಾಶ್ ಪುಸ್ತಕ, ಬರಬೇಕಾದ ಉದ್ರಿಯ ಪಟ್ಟಿ, ಬೀಜ-ಎಣ್ಣೆ-ಹಿಂಡಿಯ ತೂಕದ ಪುಸ್ತಕ. ಬೀಜದ ತೂಕಕ್ಕೂ ಎಣ್ಣೆ, ಹಿಂಡಿ ಎರಡೂ ಸೇರಿದ ತೂಕಕ್ಕೂ ಶೇ 4-5ಕ್ಕಿಂತ ಹೆಚ್ಚು ಅಂತರ ಬಂದರೆ ಎಲ್ಲೋ ಸೋರಿಕೆ, ಇಲ್ಲವೇ ಕಳವು. ಗುರುವಾದವರು ಸಾಲಕ್ಕೆ ಜಾಮೀನು ಹಾಕಬಾರದು, ಯಂತ್ರದ ಮಾರಾಟಗಾರರಾಗಿರಬಾರದು, ಪಾಲುದಾರಿಕೆ ಕೇಳಬಾರದು. ಈ ಮೂರರಲ್ಲಿ ಒಂದಿದ್ದರೂ ಅವರ ಸಲಹೆ ನಿಮ್ಮ ಪರವಾಗಿರುವುದಿಲ್ಲ.

ಕಪಿಲಾ_ತೀರ
ಯಂತ್ರ ಮಾರೋರ ವಿಷಯ ಬಂತು, ಹೇಳಿಬಿಡ್ತೀನಿ. "ಗಾಣ ನಮ್ಮಿಂದ ತಗೊಳ್ಳಿ, ಎಣ್ಣೆ ನಾವೇ ವಾಪಸ್ ಕೊಳ್ತೀವಿ" ಅನ್ನೋ ಜಾಹೀರಾತು ನಿವೃತ್ತರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಾ ಇರುತ್ತೆ. ಎರಡು ತಿಂಗಳು ಕೊಳ್ತಾರೆ, ಆಮೇಲೆ "ಗುಣಮಟ್ಟ ಇಲ್ಲ" ಅಂತಾರೆ. ಒಪ್ಪಂದದಲ್ಲಿ ಗುಣಮಟ್ಟದ ಅಳತೆ, ಯಾವ ಲ್ಯಾಬು, ಎಷ್ಟು ದಿನದಲ್ಲಿ ಹಣ ಅಂತ ಬರೆದಿಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಯಂತ್ರದ ದರವನ್ನು ಮೂರು ಕಡೆ ಕೇಳಿ.

ಮಡಿಕೇರಿ_ಮಂಜು
ಎಲ್ಲರೂ ಎಣ್ಣೆಗೇ ಬಿದ್ದಿದ್ದೀರಲ್ಲ. ನಮ್ಮ ಕೊಡಗಿನಲ್ಲಿ ಮಾಜಿ ಸೈನಿಕರು ಮನೆಮನೆಗೆ ಇದ್ದಾರೆ, ತೋಟವೂ ಇದೆ. ಕಾಫಿ ಹುರಿದು ಪುಡಿ ಮಾಡಿ ಮಾರುವುದಕ್ಕೆ ಕಾಫಿ ಬೋರ್ಡಿನವರ ತರಬೇತಿ ಇದೆ. ಗಮನಿಸಬೇಕಾದ್ದು ಎರಡೇ. ಹುರಿದಾಗ ತೂಕ ಶೇ 15ರಿಂದ 20 ಇಳಿಯುತ್ತದೆ, ಹಸಿ ಬೀಜದ ದರದ ಮೇಲೆ ಬೆಲೆ ಕಟ್ಟಿದರೆ ನಷ್ಟ. ಚಿಕೋರಿ ಬೆರೆಸಿದರೆ ಕಾಫಿ ಶೇ 51ಕ್ಕೆ ಕಡಿಮೆ ಇರಬಾರದು, ಎರಡರ ಪ್ರಮಾಣವೂ ಪ್ಯಾಕೆಟ್ ಮೇಲೆ ಇರಬೇಕು.

ತೆಂಗಿನಮರದಡಿ
ಚಿಕೋರಿ ಹಾಕದಿದ್ದರೆ ಮೈಸೂರು ಕಡೆಯ ಗಿರಾಕಿ ಡಿಕಾಕ್ಷನ್ ತೆಳು ಅಂತಾರೆ.

ಮಡಿಕೇರಿ_ಮಂಜು
ಅವರಿಗೆ ಬೇರೆ ಪ್ಯಾಕೆಟ್ ಮಾಡಿ. ಒಂದೇ ಪುಡಿಯಲ್ಲಿ ಎಲ್ಲರನ್ನೂ ಒಪ್ಪಿಸಲು ಹೋಗಬೇಡಿ.

ಬೂಟು_ಪಾಲಿಶ್
ಕ್ಯಾಪ್ಟನ್ ಗೋಪಿನಾಥ್ ಹಾಸನದ ಗೊರೂರಿನವರು, ಸೇನೆ ಬಿಟ್ಟು ಬಂದು ವಿಮಾನ ಕಂಪನಿಯನ್ನೇ ಕಟ್ಟಿದರು. ನೀವು ಲೀಟರಿಗೆ 19 ರೂಪಾಯಿ ಲೆಕ್ಕ ಹಾಕ್ತಾ ಕೂತಿದ್ದೀರಿ.

ನಿವೃತ್ತ_ಮ್ಯಾನೇಜರ್
ಅವರ ಆ ವಿಮಾನ ಕಂಪನಿ ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಅದಕ್ಕೆ ಮುಂಚೆ ಎರಡು ದಶಕಕ್ಕೂ ಹೆಚ್ಚು ಕಾಲ ಅವರು ರೇಷ್ಮೆ ಕೃಷಿ, ಬೈಕ್ ಡೀಲರ್‌ಶಿಪ್, ಹೋಟೆಲು ಎಲ್ಲ ಮಾಡಿದ್ದರು. ಆ ವರ್ಷಗಳಿಂದ ಕಲಿಯುವುದು ಬಹಳ ಇದೆ.

ಕಾವಲುಗಾರ_ಕಾಯಿದೆ
ಸೆಕ್ಯೂರಿಟಿ ಕೋರ್ಸನ್ನು ಅಷ್ಟು ಹಗುರವಾಗಿ ತಳ್ಳಬೇಡಿ. ಏಜೆನ್ಸಿ ನಡೆಸುವುದು ಮಾಜಿ ಸೈನಿಕರಿಗೆ ಸಹಜವಾಗಿ ಒಗ್ಗುವ ಉದ್ಯಮ. ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳನ್ನು ನಿಯಂತ್ರಿಸುವ ಪಸಾರ ಕಾಯ್ದೆ 2005ರಡಿ ಪರವಾನಗಿ ಬೇಕು. ಒಂದು ಜಿಲ್ಲೆಗೆ ಶುಲ್ಕ 5,000, ಐದು ಜಿಲ್ಲೆವರೆಗೆ 10,000, ಇಡೀ ರಾಜ್ಯಕ್ಕೆ 25,000. ಐದು ವರ್ಷಕ್ಕೊಮ್ಮೆ ನವೀಕರಣ. ಸಾಮಾನ್ಯ ಗಾರ್ಡಿಗೆ 160 ತಾಸಿನ ತರಬೇತಿ ಕಡ್ಡಾಯ, ಮಾಜಿ ಸೈನಿಕರಿಗೆ 56 ತಾಸು ಸಾಕು.

ಮುಳುಗಿಸುವುದು ಸಂಬಳ. 20 ಗಾರ್ಡು, ತಲಾ 18,000 ಅಂದುಕೊಳ್ಳಿ. ಪಿಎಫ್‌ಗೆ ಮಾಲೀಕರ ಕಡೆಯಿಂದ 15,000ದ ಮೇಲೆ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ 585. ಒಬ್ಬರಿಗೆ 20,535, ತಿಂಗಳಿಗೆ 4.1 ಲಕ್ಷ. ಸಂಬಳ 7ನೇ ತಾರೀಖಿನೊಳಗೆ ಕೊಡಲೇಬೇಕು, ಗಿರಾಕಿ ದುಡ್ಡು ಕೊಡುವುದು 60 ದಿನಕ್ಕೆ. ಬೋನಸ್ಸು, ಸಮವಸ್ತ್ರ ಬಿಟ್ಟೇ 8 ಲಕ್ಷ ಸದಾ ಹೊರಗಿರುತ್ತದೆ. ಸೇವಾಶುಲ್ಕ ಶೇ 8 ಎಂದು ಟೆಂಡರ್ ಹಿಡಿದು ಆ 8 ಲಕ್ಷಕ್ಕೆ ಕೈಸಾಲ ಮಾಡಿದವರು ವರ್ಷದೊಳಗೆ ಕೂತುಬಿಡುತ್ತಾರೆ. ಉದ್ಯಮ್ ನೋಂದಣಿ ಮೊದಲೇ ಮಾಡಿಸಿ, ಬಿಲ್ಲಿನ ಮೇಲೆ ಅದರ ಸಂಖ್ಯೆ ಹಾಕಿ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಪಾವತಿ ಎಂಬ ಕಾನೂನಿದೆ, ತಡವಾದರೆ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ದಶಮಾಂಶ
ಏಜೆನ್ಸಿ ಸ್ವಂತ ಹೆಸರಲ್ಲಿದ್ದು ಗಿರಾಕಿ ಜಿಎಸ್‌ಟಿ ನೋಂದಾಯಿತರಾಗಿದ್ದರೆ ತೆರಿಗೆ ಗಿರಾಕಿಯೇ ಕಟ್ಟಬೇಕು, 2019ರಿಂದ ಹಾಗಿದೆ. ಬಿಲ್ಲಿನಲ್ಲಿ ಶೇ 18 ಹಾಕಿ ಗೊಂದಲ ಮಾಡಿಕೊಳ್ಳಬೇಡಿ.

ಮಲಪ್ರಭಾ_ದಂಡಿ
ಗಾಣಕ್ಕೇ ವಾಪಸ್ ಬರೋಣ್ರಿ. ಊರಾಗ ಹಿರ‍್ಯಾರ ಜಾಗದಾಗ ಶೆಡ್ ಹಾಕಿದರ ನಡೀತದೇನು?

ಕಡತ_ವಿಲೇವಾರಿ
ಜಾಗ ಅಪ್ಪನ ಹೆಸರಲ್ಲಿದ್ದರೆ ನೋಂದಾಯಿತ ಬಾಡಿಗೆ ಕರಾರು ಮಾಡಿಸಿ, ಸಾಲದ ಅವಧಿಗಿಂತ ಕಡಿಮೆ ಇರಬಾರದು. ಬ್ಯಾಂಕು ಇ-ಸ್ವತ್ತಿನ (ಪಂಚಾಯ್ತಿ ಆಸ್ತಿ ದಾಖಲೆಯ) ನಮೂನೆ 9 ಮತ್ತು 11 ಕೇಳುತ್ತೆ. ಹೊಲದಲ್ಲಾದರೆ ಭೂಪರಿವರ್ತನೆ ಬೇಕಾ ಅಂತ ಕೇಳಿಕೊಳ್ಳಿ. ಆಮೇಲೆ ಪಂಚಾಯ್ತಿ ಲೈಸೆನ್ಸು. ಹೆಸ್ಕಾಂನಲ್ಲಿ ತ್ರೀ-ಫೇಸ್ ಕೈಗಾರಿಕಾ ಸಂಪರ್ಕಕ್ಕೆ ಮೊದಲೇ ಅರ್ಜಿ ಹಾಕಿ, ಮನೆಯ ಮೀಟರಿಗೆ 3 ಎಚ್‌ಪಿ ಹಚ್ಚಿದರೆ ದಂಡ. ಕಂತು ಶುರುವಾದ ಮೇಲೂ ಕರೆಂಟು ಬರದೆ ಗಾಣ ಸುಮ್ಮನೆ ನಿಂತಿರೋದು ಮಾಮೂಲಿ, ಆದ್ದರಿಂದ ಸಾಲದ ವಿರಾಮದ ಅವಧಿಯನ್ನು ಆರು ತಿಂಗಳು ಕೇಳಿ ಬರೆಸಿಕೊಳ್ಳಿ. 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ, ಕೇಳಿದರೆ ಬರವಣಿಗೆಯಲ್ಲಿ ಕೊಡಿ ಅನ್ನಿ.

ದಶಮಾಂಶ
ಲೇಬಲ್ ಮರೀಬೇಡಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ ಬೇಕು. ಬಾಟಲಿನ ಮೇಲೆ ಲೀಟರ್ ಜೊತೆ ಗ್ರಾಂ ಕೂಡ ಹಾಕಿ, ತಯಾರಾದ ತಿಂಗಳು, ಗರಿಷ್ಠ ಬೆಲೆ, ದೂರಿಗೆ ಫೋನು. "ಹೃದಯಕ್ಕೆ ಔಷಧಿ", "ಸಕ್ಕರೆ ಕಾಯಿಲೆ ಗುಣ" ಅಂತ ಬರೆದರೆ ನೋಟಿಸು ಗ್ಯಾರಂಟಿ.

ಮಲಪ್ರಭಾ_ದಂಡಿ
ಹಿಂಡಿ ಕೆಜಿಗೆ 40 ಅಂದ್ರಿ. ದಿನಾ 57 ಕೆಜಿ ಬೀಳ್ತದ, ಅದನ್ನ ಯಾರು ತಗೋತಾರ?

ಎಣ್ಣೆಗಾಣ_ತಿಪಟೂರು
ಹಾಲಿನ ಡೈರಿಗೆ ಹಾಕೋ ರೈತರೇ. ಮರದ ಗಾಣದ ಹಿಂಡಿಯಲ್ಲಿ ಎಣ್ಣೆ ಅಂಶ ಹೆಚ್ಚು ಉಳಿದಿರುತ್ತೆ, ಎಮ್ಮೆ ಕಟ್ಟಿದವರು ಹುಡುಕಿಕೊಂಡು ಬರ್ತಾರೆ. ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ ಸಂಘದ ಮುಂದೆ ಎರಡು ಚೀಲ ಇಟ್ಟು ನಿಂತರೆ ವಾರದೊಳಗೆ ಗಿರಾಕಿ ಸಿಗ್ತಾರೆ. ಕೂಡಿಡಬೇಡಿ. ಬಿಸಿ ಆರದ ಹಿಂಡಿಯನ್ನು ಚೀಲಕ್ಕೆ ತುಂಬಿದರೆ ಒಳಗೆ ಬೆವರಿ ಬೂಸ್ಟು ಬರುತ್ತೆ, ಅದನ್ನು ತಿಂದ ಹಸುವಿನ ಹಾಲಿಗೂ ವಿಷ ಇಳಿಯುತ್ತೆ. ನೆರಳಲ್ಲಿ ಹರಡಿ ಆರಿಸಿ, ಹದಿನೈದು ದಿನದೊಳಗೆ ಖಾಲಿ ಮಾಡಿ. ಮಳೆಗಾಲದಲ್ಲಿ ವಾರದೊಳಗೇ. ದುಡ್ಡು ನಗದಾಗಿ ತಗೊಳ್ಳಿ, ಹಿಂಡಿಯ ಉದ್ರಿ ವಸೂಲಾಗೋದು ಬಹಳ ಕಷ್ಟ.